ಮಳೆ ಆಗಿದೆ, ಹಸಿ ಆಗಿಲ್ಲ: ತಾಳಿಕೋಟೆ ಸೀಮೆಯ ಒಂದು ಪಾಠ



ಈ ಸಂಚಿಕೆಯ ಅಧ್ಯಯನ ಪಾಠಕ್ಕೆ ನಾವು ತಾಳಿಕೋಟೆ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಕಾಫಿ, ಅಡಿಕೆ, ಮೆಣಸು ನಂಬಿ ಬದುಕುವ ನಮಗೆ ವಿಜಯಪುರ ಜಿಲ್ಲೆಯ ಜೋಳದ ಹೊಲದ ಪಾಠವೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಕೊಯ್ಲಿನ ಕಾಲಕ್ಕೆ ನಮ್ಮ ಲೈನುಮನೆಗಳಿಗೆ ಬಂದು ಇಳಿಯುವ ಗುಂಪುಗಳಲ್ಲಿ ಸಿಂದಗಿ, ಇಂಡಿ, ಮುದ್ದೇಬಿಹಾಳದ ಕಡೆಯವರೂ ಇದ್ದಾರೆ. ಯಾವ ವರ್ಷ ಅವರು ಹೆಚ್ಚಾಗಿ ಬರುತ್ತಾರೆ, ಯಾವ ವರ್ಷ ಕರೆದರೂ ಬರುವುದಿಲ್ಲ ಎಂಬುದನ್ನು ಮೇಸ್ತ್ರಿಗಳ ಬಾಯಿಂದ ಕೇಳಿದ್ದೇವೆ. ಏಕೆ ಎಂದು ವಿಚಾರಿಸಿದವರು ಕಡಿಮೆ. ಹವಾಮಾನ ಬದಲಾವಣೆ, ಪರಿಸರ ರಕ್ಷಣೆ, ಆರ್ಥಿಕ ನ್ಯಾಯ ಎಂಬ ದೊಡ್ಡ ಮಾತುಗಳನ್ನು ದಿನವೂ ಪತ್ರಿಕೆಗಳಲ್ಲಿ ಓದುತ್ತೇವೆ. ಅವು ನೆಲದ ಮೇಲೆ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ತಿಳಿಯಬೇಕಾದರೆ ಈ ಸೀಮೆಗಿಂತ ಒಳ್ಳೆಯ ಪಾಠಶಾಲೆ ಸಿಕ್ಕಲಾರದು.

ಕಳೆದ ಹಿಂಗಾರಿನಲ್ಲಿ ಸಂಘದ ಕೆಲವರು ಆ ಕಡೆ ಹೋಗಿ ಬಂದೆವು. ಶಾಲೆಯ ಇತಿಹಾಸದ ಪುಸ್ತಕದಲ್ಲಿ 1565ರ ಕಾಳಗದ ಹೆಸರಿನಲ್ಲಿ ಓದಿದ ಊರು ಅದು. ಕಾಳಗ ನಡೆದದ್ದು ಕೃಷ್ಣೆಯ ದಡದ ರಕ್ಕಸಗಿ, ತಂಗಡಗಿಗಳ ಕಡೆ ಎನ್ನುತ್ತಾರೆ. ಹೆಸರು ಮಾತ್ರ ತಾಳಿಕೋಟೆಗೆ ಬಂದಿದೆ. ಮೊದಲು ಮುದ್ದೇಬಿಹಾಳ ತಾಲೂಕಿಗೆ ಸೇರಿದ್ದ ಊರು 2018ರಲ್ಲಿ ತಾನೇ ತಾಲೂಕು ಕೇಂದ್ರವಾಯಿತು. ಊರ ಪಕ್ಕದಲ್ಲಿ ಡೋಣಿ ನದಿ. ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಹಾಯ್ದು ಕೃಷ್ಣೆಯನ್ನು ಸೇರುವ ಈ ನದಿಯ ನೀರು ಉಪ್ಪು, ಬಾಯಿಗೆ ಬಾರದು. ಆದರೆ ದಂಡೆಯ ಎರೆಭೂಮಿ ಜಿಲ್ಲೆಯಲ್ಲೇ ಮೊದಲ ದರ್ಜೆಯದು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಅಲ್ಲಿ ಮಕ್ಕಳ ಬಾಯಲ್ಲೂ ಇದೆ.

ಹೊಲದ ಬದುವಿನ ಮೇಲೆ ಸಿಕ್ಕ ಒಬ್ಬ ಹಿರಿಯ ರೈತರನ್ನು, ಈ ವರ್ಷ ಮಳೆ ಹೇಗೆ ಎಂದು ವಿಚಾರಿಸಿದೆವು. “ಮಳಿ ಆಗೇತ್ರಿ, ಹಸಿ ಆಗಿಲ್ಲ” ಎಂದರು. ಆ ಕಡೆ ಹಸಿ ಎಂದರೆ ಮಣ್ಣಿನ ತೇವ. ಮಳೆ ಬಿದ್ದಿದೆ, ಮಣ್ಣು ಅದನ್ನು ಹಿಡಿದುಕೊಂಡಿಲ್ಲ ಎಂದು ಅರ್ಥ. ನಮ್ಮ ಈ ಪಾಠವೆಲ್ಲ ಆ ಮಾತಿನ ವಿವರಣೆಯೇ ಎಂದು ಸದಸ್ಯರು ತಿಳಿಯಬೇಕು.

ಸರಾಸರಿ ಎಂಬ ಲೆಕ್ಕ

ಆ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ., ನಮ್ಮ ಲೆಕ್ಕದಲ್ಲಿ 24 ಇಂಚು. ಮಲೆನಾಡಿನ ಜೋರು ಮಳೆಯ ಒಂದು ಪಕ್ಷದಲ್ಲಿ ನಮ್ಮ ಕೆಲವು ತೋಟಗಳು ಇಷ್ಟನ್ನು ಕಂಡುಬಿಡುತ್ತವೆ. ಆದ್ದರಿಂದ ಆ ಕಡೆ ನೀರೇ ಇಲ್ಲ ಎಂಬುದು ನಮ್ಮಲ್ಲಿ ಹಲವರ ಭಾವನೆ. ಒಂದು ಸಣ್ಣ ಗುಣಾಕಾರ ಮಾಡೋಣ. ಜಿಲ್ಲೆಯ ವಿಸ್ತೀರ್ಣ ಸುಮಾರು 10,500 ಚದರ ಕಿಲೋಮೀಟರು. ಅದರ ಮೇಲೆ 600 ಮಿ.ಮೀ. ಮಳೆ ಬಿದ್ದರೆ ಒಟ್ಟು 630 ಕೋಟಿ ಘನ ಮೀಟರ್ ನೀರು, ಅಂದರೆ ಸುಮಾರು 222 ಟಿ.ಎಂ.ಸಿ. ಆಲಮಟ್ಟಿ ಜಲಾಶಯ ಈಗಿನ ಎತ್ತರದಲ್ಲಿ ತುಂಬಿದಾಗ ಹಿಡಿಯುವುದು 123 ಟಿ.ಎಂ.ಸಿ. ರಾಜ್ಯ ರಾಜ್ಯಗಳು ಅರ್ಧ ಶತಮಾನ ವ್ಯಾಜ್ಯವಾಡಿದ ಜಲಾಶಯದ ಹೆಚ್ಚುಕಡಿಮೆ ಎರಡರಷ್ಟು ನೀರು ಆ ಒಂದೇ ಜಿಲ್ಲೆಯ ಹೊಲಗಳ ಮೇಲೆ ಪ್ರತಿವರ್ಷ ಆಕಾಶದಿಂದ ಬೀಳುತ್ತದೆ. ಅದು ಯಾರ ಪಾಲಿಗೂ ಹಂಚಿಕೆಯಾದದ್ದಲ್ಲ, ಬಿದ್ದವರ ಹೊಲದಲ್ಲಿಯೇ ಬಿದ್ದದ್ದು.

ಹಾಗಾದರೆ ಬರ ಎಲ್ಲಿಂದ ಬಂತು? ಒಟ್ಟು ಮಳೆಯ ಅಂಕಿಯನ್ನು ಬಿಟ್ಟು, ಮಳೆ ಬೀಳುವ ಬಗೆಯನ್ನು ನೋಡಬೇಕು. ಆ ಸೀಮೆಯ ಮುಖ್ಯ ಬೆಳೆ ಹಿಂಗಾರಿ ಬಿಳಿಜೋಳ. ಉತ್ತರಿ, ಹಸ್ತಾ ಮಳೆಗಳಿಗೆ ಕೂರಿಗೆ ಹೂಡಿ ಬಿತ್ತಿದರೆ ಮುಂದೆ ಮಳೆ ಇಲ್ಲದೆಯೂ, ಮಣ್ಣಿನ ಹಸಿ ಮತ್ತು ರಾತ್ರಿಯ ಇಬ್ಬನಿಯ ಮೇಲೆ ಜನವರಿ, ಫೆಬ್ರವರಿಯ ತನಕ ಬೆಳೆ ನಿಲ್ಲುತ್ತದೆ. ಒಂದು ಮೀಟರ್ ಆಳದ ಎರೆಮಣ್ಣು 150ರಿಂದ 200 ಮಿ.ಮೀ. ಮಳೆಯಷ್ಟು ತೇವವನ್ನು ಬೇರಿಗೆ ಒದಗುವಂತೆ ಇಟ್ಟುಕೊಳ್ಳಬಲ್ಲದು. ಇದೊಂದು ಬ್ಯಾಂಕಿನ ಖಾತೆ ಇದ್ದ ಹಾಗೆ. ಮೆಲ್ಲಗೆ ಬಂದ ಮಳೆಯನ್ನು ಜಮಾ ಮಾಡಿಕೊಳ್ಳುತ್ತದೆ. ಆದರೆ ಎರೆಮಣ್ಣಿನ ಗುಣ ನಮ್ಮ ಕಾಡುಮಣ್ಣಿನಂತಲ್ಲ. ನೆನೆದ ಕೂಡಲೆ ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ, ಮೇಲಿನ ಪದರ ಮೆತ್ತಿಕೊಂಡು ನೀರು ಒಳಗಿಳಿಯುವುದು ತೀರ ನಿಧಾನವಾಗುತ್ತದೆ. ಆಗ ಒಂದೇ ದಿನ ನಾಲ್ಕು ಇಂಚು ಸುರಿದರೆ ಬಹುಪಾಲು ಹರಿದುಹೋಗುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಕೊಂಡೊಯ್ಯುತ್ತದೆ. ಆ ಮಣ್ಣು ಡೋಣಿಯ ಪಾತ್ರದಲ್ಲಿ ಹೂಳಾಗುತ್ತದೆ, ಪಾತ್ರ ಮೇಲೆದ್ದ ನದಿ ಮುಂದಿನ ಮಳೆಗೆ ದಂಡೆಯ ಬೆಳೆಯ ಮೇಲೆ ಹರಿಯುತ್ತದೆ. ತಾಳಿಕೋಟೆಯ ಹತ್ತಿರ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಅಲ್ಲಿಯವರಿಗೆ ಹೊಸದಲ್ಲ. ನೀರು ಇಳಿದ ಒಂದು ತಿಂಗಳಿಗೆ ಅದೇ ಹೊಲ ತೇವವಿಲ್ಲದೆ ಬಿರಿಯುತ್ತದೆ.

ಇಲ್ಲಿಗೆ ಹವಾಮಾನ ಬದಲಾವಣೆಯ ವಿಜ್ಞಾನ ಬಂದು ಸೇರುತ್ತದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿಯಬಲ್ಲ ನೀರಾವಿ ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಹೆಚ್ಚು ಆವಿ ಹೊತ್ತ ಗಾಳಿ ಮಳೆ ಕೊಡುವಾಗ ಒಮ್ಮೆಲೇ ಕೊಡುತ್ತದೆ. ಕೊಡದಿದ್ದಾಗ ನೆಲದ ತೇವವನ್ನು ಮೊದಲಿಗಿಂತ ಬಿರುಸಾಗಿ ಹೀರುತ್ತದೆ. ಆದುದರಿಂದ ವರ್ಷದ ಒಟ್ಟು ಮಳೆ ಕಡಿಮೆಯಾಗದೆಯೂ ಹಸಿ ಕಡಿಮೆಯಾಗಬಹುದು. ಕಾಗದದ ಮೇಲೆ ಸರಾಸರಿ ಸರಿಯಾಗಿಯೇ ಇರುತ್ತದೆ. 2024ನೆಯ ವರ್ಷ ಜಗತ್ತಿನ ಸರಾಸರಿ ಉಷ್ಣತೆ ಕೈಗಾರಿಕಾ ಯುಗದ ಮುಂಚಿನ ಮಟ್ಟಕ್ಕಿಂತ ಒಂದೂವರೆ ಡಿಗ್ರಿ ಮೇಲೆ ಹೋಯಿತೆಂದು ವಿಶ್ವ ಹವಾಮಾನ ಸಂಸ್ಥೆ ತಿಳಿಸಿದೆ. ಇದೂ ಸರಾಸರಿಯೇ. ಅದರಲ್ಲಿ ಸಮುದ್ರದ ಮೇಲಿನ ತಂಪೂ ಸೇರಿದೆ, ಸಿಂದಗಿಯ ಏಪ್ರಿಲ್ ತಿಂಗಳ ಮಧ್ಯಾಹ್ನವೂ ಸೇರಿದೆ.

ಬರ ಆ ಸೀಮೆಗೆ ಹೊಸ ಅತಿಥಿ ಏನಲ್ಲ. 1876ರಿಂದ 78ರ ಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆ ಎಂದು ಕರೆಯುತ್ತಿದ್ದ ಈ ಪ್ರದೇಶದ ಜನಸಂಖ್ಯೆ 1872 ಮತ್ತು 1881ರ ಗಣತಿಗಳ ನಡುವೆ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಇಳಿಯಿತು. ಬದುಕಿ ಉಳಿದವರು ಕಲಿತ ವಿದ್ಯೆಯನ್ನೇ ಮುಂದೆ ವಿಜ್ಞಾನಿಗಳು ಕ್ರಮಪಡಿಸಿದರು. 1930ರ ದಶಕದಲ್ಲಿ ಸೊಲ್ಲಾಪುರ, ರಾಯಚೂರು, ಹಗರಿ, ರೋಹ್ಟಕ್‌ಗಳೊಡನೆ ಬಿಜಾಪುರದಲ್ಲಿಯೂ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಇಂದಿಗೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೇಂದ್ರ ವಿಜಯಪುರದಲ್ಲಿ ಆ ಕೆಲಸ ನಡೆಸುತ್ತಿದೆ. ಅಲ್ಲಿಯ ಸಲಹೆಗಳಲ್ಲಿ ನಮಗೆ ಬಹಳ ಹಿಡಿಸಿದ್ದು ಚೌಕುಮಡಿ. ಹಿಂಗಾರಿಗೆ ಬಿತ್ತುವ ಹೊಲವನ್ನು ಮುಂಗಾರಿನಲ್ಲಿಯೇ ಹತ್ತು, ಹದಿನೈದು ಅಡಿಯ ಸಣ್ಣ ಸಣ್ಣ ಚೌಕಗಳಾಗಿ ಮಣ್ಣೇರಿಸಿ ಕಟ್ಟುವುದು. ಪ್ರತಿ ಚೌಕವೂ ತನ್ನ ಮೇಲೆ ಬಿದ್ದ ಮಳೆಯನ್ನು ತಾನೇ ಹಿಡಿದುಕೊಂಡು, ನಿಧಾನವಾಗಿ ಕುಡಿಯುತ್ತದೆ. ಸಿಮೆಂಟು ಬೇಡ, ಪಂಪು ಬೇಡ. ಜೋಡಿ ಎತ್ತು ಅಥವಾ ಒಂದು ದಿನದ ಟ್ರ್ಯಾಕ್ಟರು ಸಾಕು. ಮೇಲೆ ಹೇಳಿದ 222 ಟಿ.ಎಂ.ಸಿ.ಯಲ್ಲಿ ನೂರಕ್ಕೆ ಹತ್ತು ಪಾಲು ಹೆಚ್ಚಾಗಿ ನೆಲದಲ್ಲಿ ನಿಂತರೂ 22 ಟಿ.ಎಂ.ಸಿ. ಆಯಿತು ಎಂಬುದನ್ನು ಸದಸ್ಯರು ಗಮನಿಸಬೇಕು. ದೊಡ್ಡ ಒಡ್ಡುಗಳ ಅನುಭವ ಬೇರೆ. 1942ರ ಮುಂಬಯಿ ಭೂ ಸುಧಾರಣಾ ಕಾಯಿದೆಯ ಕಾಲದಿಂದ ಬರಗಾಲದ ಕಾಮಗಾರಿಯಾಗಿ ಸಮಪಾತಳಿ ಒಡ್ಡುಗಳನ್ನು ಹಾಕಿದರು. ಆಳವಾದ ಎರೆಯಲ್ಲಿ ಒಡ್ಡಿನ ಹಿಂದೆ ನೀರು ನಿಂತು ಬೆಳೆ ಕೊಳೆಯಿತು, ಬೇಸಿಗೆಯಲ್ಲಿ ಬಿರಿದ ಒಡ್ಡು ಮಳೆಗೆ ಒಡೆಯಿತು. ಹೆಚ್ಚಾದ ನೀರು ಮೆಲ್ಲಗೆ ಹೊರಹೋಗುವಂತೆ ಸ್ವಲ್ಪ ಇಳಿಜಾರು ಕೊಟ್ಟ ಒಡ್ಡುಗಳು ಅನಂತರ ಬಂದವು.

ಇಷ್ಟು ಸುಲಭವಾದ ಚೌಕುಮಡಿಯನ್ನು ಎಲ್ಲರೂ ಏಕೆ ಮಾಡುವುದಿಲ್ಲ? ನಾವೂ ಇದನ್ನೇ ಕೇಳಿದೆವು. ಉತ್ತರ ಬೇಸಾಯದಲ್ಲಿಲ್ಲ, ಹಿಡುವಳಿಯಲ್ಲಿದೆ. ಹೊಲವನ್ನು ಲಾವಣಿಗೆ ಹಾಕಿಕೊಂಡವನು ಮುಂದಿನ ವರ್ಷ ಅದೇ ಹೊಲ ತನಗೆ ಸಿಕ್ಕುತ್ತದೆಂಬ ಭರವಸೆಯಿಲ್ಲದೆ ಅದರ ಮಣ್ಣಿಗೆ ದುಡ್ಡು ಹಾಕುವುದಿಲ್ಲ. ಒಡೆಯ ಪಟ್ಟಣದಲ್ಲಿದ್ದಾನೆ, ಅವನಿಗೆ ಲಾವಣಿಯ ಹಣ ಬಂದರೆ ಸಾಕು. ಇನ್ನೊಂದು ಕಾರಣವೂ ಇದೆ. ಜೋಳದ ಕೊಯ್ಲಿಗೆ ಆಳು ಸಿಕ್ಕದೆ, ಬೆಲೆಯೂ ಸಾಲದೆ ಹಲವರು ತೊಗರಿಗೆ ಹೋದರು. ಜೋಳ ಹೋದರೆ ಕಣಿಕೆ ಹೋಯಿತು, ಕಣಿಕೆ ಹೋದರೆ ದನ ಹೋಯಿತು, ದನ ಹೋದರೆ ತಿಪ್ಪೆಗೊಬ್ಬರ ಹೋಯಿತು. ಗೊಬ್ಬರ ಕಾಣದ ಎರೆ ಮೊದಲಿನಷ್ಟು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಕಾಶದ ತಪ್ಪು ಎಷ್ಟು, ಪೇಟೆಯ ತಪ್ಪು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಕೃಷ್ಣೆಯ ನೀರು, ಕೂಡಗಿಯ ಬೆಂಕಿ

ಆ ಸೀಮೆಯ ದೊಡ್ಡ ಆಸೆ ಕೃಷ್ಣಾ ಮೇಲ್ದಂಡೆ ಯೋಜನೆ. ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ನಡುವೆ 42 ವರ್ಷ. ಕೆಳಗಿನ ನಾರಾಯಣಪುರದ ಎಡದಂಡೆ ಕಾಲುವೆಗೆ 1982ರಿಂದಲೇ ನೀರು ಹರಿಯಿತು. ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಕೆಳಗಿನ ಭಾಗ ಮುಳುಗಿತು. ಮಡಕೆಯ ಮೊಸರಿಗೆ ಹೆಸರಾದ ಕೊಲ್ಹಾರ, ಆಗ ಬಸವನ ಬಾಗೇವಾಡಿ ತಾಲೂಕಿನದು, ಊರಿಗೆ ಊರೇ ಎದ್ದು ಮೇಲಕ್ಕೆ ಬಂದಿತು. ನೀರು ನೋಡುವಷ್ಟು ಹತ್ತಿರವಿದ್ದರೂ ಸುತ್ತಲಿನ ಎತ್ತರದ ಹೊಲಗಳಿಗೆ ಅದು ತಾನಾಗಿ ಹತ್ತುವುದಿಲ್ಲ. ಮುಳವಾಡ, ಚಿಮ್ಮಲಗಿ ಮೊದಲಾದ ಏತ ನೀರಾವರಿಗಳ ಮೂಲಕ ವಿದ್ಯುಚ್ಛಕ್ತಿಯಿಂದ ಎತ್ತಬೇಕು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಹೀಗೆ ಎತ್ತಿದ ನೀರಿನಿಂದ ಜಿಲ್ಲೆಯ ಹಲವು ಕೆರೆಗಳನ್ನು ತುಂಬಿಸಿದ್ದು ಒಳ್ಳೆಯ ಕೆಲಸ. ಬಾವಿಗಳಲ್ಲಿ ನೀರು ಕಂಡಿತೆಂದು ಜನ ಹೇಳುತ್ತಾರೆ, ಅದನ್ನು ನಾವೂ ಒಪ್ಪುತ್ತೇವೆ.

ಕಾಲುವೆಯಲ್ಲಿಯೂ ತಲೆ, ಬಾಲ ಎಂದು ಎರಡು ಪ್ರಪಂಚ. ಈ ಯೋಜನೆಯ ಲೆಕ್ಕಾಚಾರ ಆದದ್ದು ಜೋಳ, ಕಡಲೆ, ಹತ್ತಿಯಂಥ ಮಿತ ನೀರಿನ ಬೆಳೆಗಳಿಗೆ. ನೀರು ಮೊದಲು ಸಿಕ್ಕುವ ಕಡೆಗಳಲ್ಲಿ ಭತ್ತ, ಕಬ್ಬು ನಿಂತವು. ಬಾಲದ ಕಡೆ, ಇಂಡಿ ಶಾಖಾ ಕಾಲುವೆಯ ಕೊನೆಯ ಹಳ್ಳಿಗಳಲ್ಲಿ, ನೀರಿಗಾಗಿ ಧರಣಿ ಕೂರುವುದು ನಡೆದೇ ಇದೆ. ಇಂಡಿಯ ಲಿಂಬೆ ಬೆಳೆಗಾರರು ಬರಗಾಲದಲ್ಲಿ ಟ್ಯಾಂಕರಿನಿಂದ ಗಿಡ ಉಳಿಸಿಕೊಂಡಿದ್ದಾರೆ. ಅತ್ತ ತಲೆಯ ಕಡೆಯ ಹೊಲಗಳಲ್ಲಿ ನೀರು ಹೆಚ್ಚಾಗಿ, ಬಸಿದುಹೋಗಲು ದಾರಿಯಿಲ್ಲದೆ, ಎರೆಮಣ್ಣು ಜೌಗಾಗಿ ಉಪ್ಪು ಮೇಲೆದ್ದಿದೆ. ಒಂದೇ ಕಾಲುವೆಯಲ್ಲಿ ಒಬ್ಬನ ಭೂಮಿ ಹೆಚ್ಚು ನೀರಿನಿಂದ ಕೆಟ್ಟಿತು, ಇನ್ನೊಬ್ಬನದು ನೀರಿಲ್ಲದೆ ಕೆಟ್ಟಿತು. ಯೋಜನೆಯ ವರದಿಯಲ್ಲಿ ಎರಡೂ ಅಚ್ಚುಕಟ್ಟು ಪ್ರದೇಶವೇ.

ಜಲಾಶಯದ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿತು. ವ್ಯಾಜ್ಯದಿಂದಾಗಿ ಅದು ವರ್ಷಗಟ್ಟಲೆ ಅಧಿಸೂಚನೆಯಾಗದೆ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ, ಮುಳುಗಲಿರುವ ಭೂಮಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಕೊಡುವುದೆಂದು ತೀರ್ಮಾನಿಸಿತು. ಹಿಂದಿನ ಹಂತಗಳಲ್ಲಿ ಕೊಟ್ಟ ಪರಿಹಾರಕ್ಕಾಗಿ ಜನ ಕೋರ್ಟು ಅಲೆದದ್ದನ್ನು ನೆನೆದರೆ ಇದು ಸಣ್ಣ ಮೊತ್ತವಲ್ಲ. ಆದರೆ ಈ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಳೆ ತೆಗೆದು ಬದುಕಿದವಳ ಕೆಲಸವೂ ಹೊಲದ ಜೊತೆಗೇ ಮುಳುಗುತ್ತದೆ. ಎಕರೆಯ ದರದಲ್ಲಿ ಅದು ಕಾಣುವುದಿಲ್ಲ.

ಕೂಡಗಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಹಿಂದಿನ ಬಸವನ ಬಾಗೇವಾಡಿ ತಾಲೂಕಿನ ಈ ಊರಿನಲ್ಲಿ ರಾಷ್ಟ್ರೀಯ ಶಾಖೋತ್ಪನ್ನ ವಿದ್ಯುತ್ ನಿಗಮ 2,400 ಮೆಗಾವ್ಯಾಟಿನ ಸ್ಥಾವರ ಕಟ್ಟಿದೆ. 800 ಮೆಗಾವ್ಯಾಟಿನ ಮೂರು ಘಟಕಗಳು. ಕಲ್ಲಿದ್ದಲು ದೂರದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ, ನೀರು ಆಲಮಟ್ಟಿಯಿಂದ. ಹೊಗೆ, ಬೂದಿ, ನೀರಿನ ಭಯದಿಂದ ರೈತರು ವಿರೋಧಿಸಿದರು. 2014ರ ಜುಲೈನಲ್ಲಿ ಪ್ರತಿಭಟನೆಯ ಮೇಲೆ ಗುಂಡು ಹಾರಿ ಜನ ಗಾಯಗೊಂಡರು. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತಯಾರಾಗುವಾಗ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಗಾಳಿಗೆ ಗಡಿಯಿಲ್ಲ, ಆ ಅನಿಲ ಜಗತ್ತಿನದೇ ಆಯಿತು. ಬೂದಿ ಮಾತ್ರ ಕೂಡಗಿಯಲ್ಲಿ ಉಳಿಯಿತು. ವಿದ್ಯುತ್ತು ತಂತಿಯಲ್ಲಿ ಬೆಂಗಳೂರಿಗೂ ಬೇರೆ ರಾಜ್ಯಗಳಿಗೂ ಹೋಗುತ್ತದೆ, ನಮ್ಮ ಪಲ್ಪರು ತಿರುಗಿಸುವ ಕರೆಂಟಿನಲ್ಲಿಯೂ ಅದರ ಪಾಲು ಇದ್ದೀತು. ಅಂತರರಾಷ್ಟ್ರೀಯ ಸಭೆಗಳಲ್ಲಿ ಹೊಗೆ ಬಿಟ್ಟ ದೇಶ ಯಾವುದು, ನಷ್ಟ ಉಂಡ ದೇಶ ಯಾವುದು ಎಂದು ವಾದ ನಡೆದು, 2022ರಲ್ಲಿ ಈಜಿಪ್ಟಿನಲ್ಲಿ ನಷ್ಟ ಪರಿಹಾರದ ನಿಧಿಯೊಂದಕ್ಕೆ ಒಪ್ಪಿಗೆಯಾಯಿತು. ದೇಶ ದೇಶಗಳ ನಡುವಿನ ಆ ಪ್ರಶ್ನೆಯನ್ನು ಒಂದು ರಾಜ್ಯದೊಳಗೆ, ಒಂದು ತಾಲೂಕಿನೊಳಗೆ ಕೇಳುವವರು ಇನ್ನೂ ಬಂದಿಲ್ಲ.

ಅವರ ಬರ, ನಮ್ಮ ಕೊಯ್ಲು

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ. ಹಿಂಗಾರಿ ಜೋಳದ ಕಾಲವೂ ಅದೇ. ಉತ್ತರಿ, ಹಸ್ತಾ ಮಳೆ ಕೈಕೊಟ್ಟು ಬಿತ್ತನೆ ಆಗದಿದ್ದರೆ ಅಕ್ಟೋಬರ್ ಮುಗಿಯುವ ಹೊತ್ತಿಗೆ ಆ ಸೀಮೆಯಲ್ಲಿ ಕೈಗಳು ಖಾಲಿ. ಅವರು ಗೋವೆಗೆ ಹೋಗುತ್ತಾರೆ, ಮಹಾರಾಷ್ಟ್ರದ ಕಬ್ಬು ಕಡಿಯಲು ಹೋಗುತ್ತಾರೆ, ಮಂಗಳೂರು, ಬೆಂಗಳೂರಿನ ಕಟ್ಟಡಗಳಿಗೆ ಹೋಗುತ್ತಾರೆ, ಒಂದು ಪಾಲು ನಮ್ಮಲ್ಲಿಗೆ ಬರುತ್ತದೆ. ಅಂಥ ವರ್ಷ ಮೇಸ್ತ್ರಿಗಳು ಹುರುಪಿನಿಂದಿರುತ್ತಾರೆ, ಕಿಲೋ ಲೆಕ್ಕದ ಕೊಯ್ಲಿನ ದರ ಏರಿಸಬೇಕಾಗುವುದಿಲ್ಲ. ಹಿಂಗಾರು ಚೆನ್ನಾದ ವರ್ಷ ಆಳಿಲ್ಲವೆಂದು ನಾವೇ ಮಹಾಸಭೆಯಲ್ಲಿ ದೂರುತ್ತೇವೆ.

ಇದನ್ನು ಬೆಲೆಯ ಪಕ್ಕದಲ್ಲಿಟ್ಟು ನೋಡಬೇಕು. 2024, 2025ರಲ್ಲಿ ರೊಬಸ್ಟಾ ಬೆಲೆ ನಮ್ಮ ಜನ್ಮದಲ್ಲಿ ಕಾಣದ ಎತ್ತರಕ್ಕೆ ಹೋಯಿತು. ವಿಯೆಟ್ನಾಂ ಮತ್ತು ಬ್ರೆಜಿಲ್‌ಗಳಲ್ಲಿ ಮಳೆ ತಪ್ಪಿ ಬೆಳೆ ಕುಗ್ಗಿದ್ದು ಅದಕ್ಕೊಂದು ಮುಖ್ಯ ಕಾರಣ. ಒಂದು ದೇಶದ ಬರ ನಮಗೆ ಬೆಲೆ ತಂದಿತು, ಇನ್ನೊಂದು ಜಿಲ್ಲೆಯ ಬರ ನಮಗೆ ಆಳು ತಂದಿತು. ಇದರಲ್ಲಿ ಅಪರಾಧವೇನೂ ಇಲ್ಲ. ಎಲೆಚುಕ್ಕಿ ರೋಗ, ಕೊಳೆರೋಗ, 2018 ಮತ್ತು 2019ರ ಗುಡ್ಡ ಕುಸಿತ, 2024ರ ಬೇಸಿಗೆಯಲ್ಲಿ ಹೂಮಳೆ ತಪ್ಪಿ ರೊಬಸ್ಟಾ ಕರಕಲಾದದ್ದು, ಇವೆಲ್ಲವನ್ನು ಉಂಡವರು ನಾವು. ಆದರೆ ಬೆಲೆ ಬಂದ ಎರಡು ವರ್ಷ ಕೊಯ್ಲಿನ ದರ ಎಷ್ಟು ಏರಿತು ಎಂದು ಪ್ರತಿಯೊಬ್ಬ ಸದಸ್ಯರೂ ತಮ್ಮ ಚೆಕ್‌ರೋಲ್ ಪುಸ್ತಕ ತೆಗೆದು ನೋಡಬಹುದು. ನಾವು ನೋಡಿದ್ದೇವೆ, ಬೆಲೆ ಏರಿದ ಹೆಜ್ಜೆಗೂ ಕೂಲಿ ಏರಿದ ಹೆಜ್ಜೆಗೂ ಹೋಲಿಕೆಯಿಲ್ಲ.

1951ರಲ್ಲಿ ಆದ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಮನೆ, ಆಸ್ಪತ್ರೆ, ಶಿಶುವಿಹಾರಗಳ ಜವಾಬ್ದಾರಿಯನ್ನು ದೊಡ್ಡ ಎಸ್ಟೇಟುಗಳ ಮೇಲೆ ಹೊರಿಸಿತ್ತು. ಸಣ್ಣ ಹಿಡುವಳಿಗಳು ಅದರ ಹೊರಗುಳಿದವು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು 10 ಹೆಕ್ಟೇರಿನ ಒಳಗಿನವು. ಕಾಯಿದೆ ಹೊಸ ಸಂಹಿತೆಯಾಗಿ ಬದಲಾದರೂ ಮೂರು ತಿಂಗಳಿಗೆ ಬಂದು ಹೋಗುವ ತಾಳಿಕೋಟೆಯ ಕುಟುಂಬಕ್ಕೂ ಹತ್ತು ಎಕರೆಯ ನಮ್ಮ ಸದಸ್ಯನಿಗೂ ನಡುವೆ ಇರುವುದು ಮೇಸ್ತ್ರಿಯ ಮಾತು ಮತ್ತು ಮುಂಗಡದ ಚೀಟಿ, ಅಷ್ಟೇ.

ಸರಕಾರದ ಪರಿಹಾರದಲ್ಲಿಯೂ ಇದೇ ಮೇಲು ಕೀಳು ಇದೆ. 2022ರಿಂದ 2026ರ ಅವಧಿಗೆ ಕೇಂದ್ರ ಸರಕಾರ ನಿಗದಿ ಮಾಡಿದ ವಿಕೋಪ ಪರಿಹಾರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ ಎರಡು ಹೆಕ್ಟೇರು. ರಾಜ್ಯ ಸರಕಾರ ಒಮ್ಮೊಮ್ಮೆ ತನ್ನ ಪಾಲು ಸೇರಿಸಿದ್ದುಂಟು. ಎಕರೆಗೆ ಹಾಕಿದರೆ ಜೋಳದವನಿಗೆ ಸುಮಾರು 3,400, ಅಡಿಕೆ ತೋಟದವನಿಗೆ 9,100. ತೋಟ ಎಬ್ಬಿಸಲು ಖರ್ಚು ಹೆಚ್ಚು, ಆದುದರಿಂದ ಪರಿಹಾರವೂ ಹೆಚ್ಚು ಎಂಬ ವಾದ ಸರಿಯೇ. ಆದರೆ ಖರ್ಚನ್ನು ಮಾತ್ರ ಅಳೆಯುವ ಕೋಲು ಹಸಿವನ್ನು ಅಳೆಯುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ಮಲೆನಾಡಿನ ತಾಲೂಕುಗಳೂ ಆ ಪಟ್ಟಿಯಲ್ಲಿದ್ದವು. ನಮ್ಮ ಬರ ಒಂದು ಫಸಲನ್ನು ಇಳಿಸಿತು, ಗಿಡ ಉಳಿಯಿತು. ಅಲ್ಲಿಯ ಬರ ಊರು ಬಿಡಿಸಿತು.

ಬೆಳೆ ವಿಮೆಯಲ್ಲಿ ಸರಾಸರಿಯ ಕಾಟ ಇನ್ನೂ ಹೆಚ್ಚು, ಅದು ನಮಗೂ ಗೊತ್ತು. ಅಡಿಕೆಗೆ ಹವಾಮಾನ ಆಧಾರಿತ ವಿಮೆ ಮಾಡಿಸಿದವರು ಪಂಚಾಯಿತಿಯ ಮಳೆಮಾಪಕ ಕೆಟ್ಟು ನಿಂತ ಕಥೆಯನ್ನು ಸಂಘದ ಕಚೇರಿಯಲ್ಲಿ ಬೇಕಾದಷ್ಟು ಸಲ ಹೇಳಿದ್ದಾರೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಎರೆಯಲ್ಲಿ ಅಡಿಕೆ ನೆಡಬಹುದೇ?

ಕಾಲುವೆ ನೀರು ಬಂದ ಕಡೆ ಅಡಿಕೆ ಹಾಕಿದರೆ ಹೇಗೆ ಎಂದು ಅಲ್ಲಿ ನಮ್ಮನ್ನು ಕೇಳಿದವರಿದ್ದರು. ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಗದ್ದೆಗಳು ಅಡಿಕೆ ತೋಟಗಳಾದದ್ದನ್ನು ಅವರು ಕೇಳಿ ಬಲ್ಲರು. ನಮ್ಮ ಬೆಳೆಗೆ ಪ್ರತಿಸ್ಪರ್ಧಿ ಹುಟ್ಟಬಾರದೆಂದು ನಾವು ಬೇಡವೆನ್ನುತ್ತಿದ್ದೇವೆ ಎಂಬ ಅನುಮಾನ ಬಾರದಿರಲೆಂದು ಲೆಕ್ಕವನ್ನೇ ಮುಂದಿಟ್ಟೆವು. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕೆಂಬುದು ಕರಾವಳಿಯ ಸಂಶೋಧನೆಯ ಲೆಕ್ಕ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ದಿನಕ್ಕೆ ಹತ್ತು ಸಾವಿರ ಲೀಟರ್. ಡಿಸೆಂಬರಿನಿಂದ ಮೇ ತನಕ 180 ದಿನಕ್ಕೆ 18 ಲಕ್ಷ ಲೀಟರ್. ಒಂದು ಎಕರೆಯ ಮೇಲೆ 445 ಮಿ.ಮೀ. ಮಳೆ ಬಿದ್ದಷ್ಟು ನೀರು ಅದು. ಬಿಳಿಜೋಳ ತನ್ನ ಜೀವಮಾನವನ್ನೆಲ್ಲ 150ರಿಂದ 200 ಮಿ.ಮೀ. ಹಸಿಯಲ್ಲಿ ಕಳೆಯುತ್ತದೆ. ಒಂದು ಎಕರೆ ಅಡಿಕೆಯ ಬೇಸಿಗೆಯ ನೀರಿನಲ್ಲಿ ಎರಡರಿಂದ ಮೂರು ಎಕರೆ ಜೋಳ ನಿಲ್ಲುತ್ತದೆ. ಅಲ್ಲಿಯ ಒಣಗಾಳಿಗೆ, ನಲವತ್ತು ಡಿಗ್ರಿ ಬಿಸಿಲಿಗೆ ಈ ಹತ್ತು ಸಾವಿರ ಲೀಟರೂ ಸಾಲದು. ಮೇಲಾಗಿ ಬಸಿಯದ ಎರೆಯಲ್ಲಿ ಅಡಿಕೆಯ ಬೇರು ಉಸಿರುಗಟ್ಟುತ್ತದೆ. ತಲೆಯ ಕಡೆಯವನು ಅಡಿಕೆ ನೆಟ್ಟರೆ ಬಾಲದ ಕಡೆಯ ಮೂವರ ನೀರು ಅವನ ಗಿಡದ ಬುಡದಲ್ಲಿಯೇ ಮುಗಿಯುತ್ತದೆ. ಕೇಳಿದವರು ಸುಮ್ಮನಾದರು, ಒಬ್ಬರು ಮಾತ್ರ ನಕ್ಕು, ನಿಮ್ಮ ಕಡೆ ಬೇಸಿಗೆಯಲ್ಲಿ ಹಳ್ಳಕ್ಕೆ ಪಂಪು ಹಾಕುವುದಿಲ್ಲವೇನು ಎಂದರು. ಹಾಕುತ್ತೇವೆ. ಹೂಮಳೆ ತಡವಾದ ವರ್ಷ ಮೇಲಿನ ತೋಟದ ತುಂತುರು ನೀರಾವರಿಗೆ ಹಳ್ಳ ಬತ್ತಿ, ಕೆಳಗಿನ ಊರಿಗೆ ಕುಡಿಯುವ ನೀರಿನ ತಕರಾರು ಬಂದದ್ದು ನಮ್ಮಲ್ಲಿಯೂ ಉಂಟು.

ಸಂಘದ ಮುಂದಿರುವ ಕೆಲಸ

ಆಡಳಿತ ಮಂಡಳಿ ಈ ವಿಷಯವನ್ನು ಎರಡು ಸಭೆಗಳಲ್ಲಿ ಚರ್ಚಿಸಿದೆ. ಎಲ್ಲದಕ್ಕೂ ಒಮ್ಮತ ಬಂದಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಕೊಯ್ಲಿನ ಕಿಲೋ ದರವನ್ನು ಸಂಘವೇ ಅಕ್ಟೋಬರ್ ಮೊದಲ ವಾರ, ಗುಂಪುಗಳು ಊರು ಬಿಡುವ ಮೊದಲು, ಆ ವರ್ಷದ ಕಾಫಿ ಬೆಲೆಗೆ ಹೊಂದಿಸಿ ಪ್ರಕಟಿಸಬೇಕೆಂಬುದು ನಮ್ಮ ಸೂಚನೆ. ಬೆಲೆ ಇಳಿದರೂ ದರ ಒಂದು ಮಟ್ಟಕ್ಕಿಂತ ಕೆಳಗಿಳಿಯಬಾರದು. ಕೆಲವು ದೊಡ್ಡ ಹಿಡುವಳಿಯ ಸದಸ್ಯರು ಇದಕ್ಕೆ ಆಕ್ಷೇಪಿಸಿದ್ದಾರೆ. ಅವರ ವಾದವನ್ನು ಮಹಾಸಭೆ ಕೇಳಲಿದೆ. ಮುಂಗಡದ ಲೆಕ್ಕವನ್ನು ಮೇಸ್ತ್ರಿಯ ಬಳಿ ಬಿಡದೆ ಆಳಿನ ಹೆಸರಿನಲ್ಲಿಯೇ ಪುಸ್ತಕ ಬರೆಯುವುದು, ತೂಕದ ಯಂತ್ರಗಳಿಗೆ ಸಂಘದಿಂದ ಮುದ್ರೆ ಹಾಕಿಸುವುದು, ಇವಕ್ಕೆ ಯಾರದೂ ವಿರೋಧವಿಲ್ಲ. ಬಂದವರು ತಮ್ಮ ಪಡಿತರವನ್ನು ಇಲ್ಲಿಯ ಅಂಗಡಿಯಲ್ಲಿಯೇ ಪಡೆಯಬಹುದು, ಕಾನೂನು ಒಪ್ಪುತ್ತದೆ. ಅಂಗಡಿಯವರು ದಾಸ್ತಾನಿಲ್ಲವೆಂದರೆ ಸಂಘದ ಕಚೇರಿಗೆ ತಿಳಿಸಿರಿ. ಮಕ್ಕಳನ್ನು ಕರೆತಂದ ಕುಟುಂಬಗಳ ಪಟ್ಟಿಯನ್ನು ನವೆಂಬರಿನಲ್ಲಿಯೇ ಶಾಲೆಗೆ ಕೊಡಬೇಕು, ಜನವರಿಯಲ್ಲಿ ಕೊಟ್ಟರೆ ಉಪಯೋಗವಿಲ್ಲ.

ಕೊನೆಯದಾಗಿ ಮಳೆ ಪುಸ್ತಕದ ವಿಷಯ. ನಮ್ಮಲ್ಲಿ ಅನೇಕರ ಮನೆಯಲ್ಲಿ ತಂದೆಯವರ ಕಾಲದಿಂದ ಇಂಚು, ಸೆಂಟ್ಸ್ ಲೆಕ್ಕದಲ್ಲಿ ದಿನವಹಿ ಮಳೆ ಬರೆದಿಟ್ಟಿದ್ದಾರೆ. ವರ್ಷದ ಕೊನೆಗೆ ಒಟ್ಟು ಕೂಡಿ, ಕಳೆದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ನೋಡಿ ಪುಸ್ತಕ ಮುಚ್ಚುವುದು ರೂಢಿ. ಮುಂದಿನ ಅಧ್ಯಯನ ಸಭೆಗೆ ಬರುವ ಸದಸ್ಯರು ದಯವಿಟ್ಟು ಕಳೆದ ಇಪ್ಪತ್ತು ವರ್ಷಗಳ ಪುಸ್ತಕಗಳಿಂದ ಮೂರು ಅಂಕಿಗಳನ್ನು ಬೇರೆಯಾಗಿ ಬರೆದು ತರಬೇಕು: ಆ ವರ್ಷ ಒಂದೇ ದಿನ ಬಿದ್ದ ಅತಿ ಹೆಚ್ಚು ಮಳೆ, ಜೂನಿನಿಂದ ಸೆಪ್ಟೆಂಬರ್ ಒಳಗೆ ಮಳೆಯಿಲ್ಲದೆ ಕಳೆದ ಅತಿ ಉದ್ದದ ಅವಧಿ ಎಷ್ಟು ದಿನ, ಮತ್ತು ಹೂಮಳೆ ಬಿದ್ದ ತಾರೀಕು. ಪುಸ್ತಕ ಇಲ್ಲದವರು ಕಚೇರಿಯಲ್ಲಿ ಮಳೆಮಾಪಕಕ್ಕೆ ಹೆಸರು ಬರೆಸಬಹುದು. ತೇವ ಹಿಡಿಯುವ ಕೆಲಸವನ್ನು ನೋಡಲು ಇಚ್ಛಿಸುವ ಐದಾರು ಮಂದಿಯನ್ನು ಈ ಸಲದ ಆಗಸ್ಟಿನಲ್ಲಿ ಚೌಕುಮಡಿ ಹಾಕುವ ಹೊತ್ತಿಗೆ ವಿಜಯಪುರಕ್ಕೆ ಕಳುಹಿಸುವ ಯೋಚನೆಯಿದೆ. ಹೋಗಿ ಬರುವ ಖರ್ಚು ಅವರವರದು, ಊಟ ಅಲ್ಲಿಯವರು ಹಾಕುತ್ತೇವೆಂದಿದ್ದಾರೆ.